ನೋಯುವುದು ನಾಳ, ಉಜ್ಜುವುದು ಬೆನ್ನು

ಬೆನ್ನುನೋವೆಂದರೆ ಮೊದಲು ಡಿಸ್ಕಿನ ಮೇಲೆ ಅನುಮಾನ, ಆಮೇಲೆ ಕೂರುವ ಭಂಗಿಯ ಮೇಲೆ. ಕೆಲವು ಸಲ ಆ ಅನುಮಾನ ಸರಿಯಿರಬಹುದು. ಆದರೆ ಬೆನ್ನುಮೂಳೆಯ ಮುಂದೆಯೇ ಮಹಾಪಧಮನಿ ಇದೆ ಎಂಬುದನ್ನು ಮರೆಯುತ್ತೇವೆ. ಹೃದಯದಿಂದ ಹೊರಟು ಕೊಡೆಯ ಹಿಡಿಯಂತೆ ಬಾಗುವ ಈ ನಾಳ, ಆಮೇಲೆ ಮೂಳೆಗೆ ಆತುಕೊಂಡೇ ಹೊಟ್ಟೆಯವರೆಗೆ ಇಳಿಯುತ್ತದೆ. ಅಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ.

ಇದರ ಗೋಡೆ ಎಷ್ಟು ದಪ್ಪವೆಂದರೆ, ಒಳಗೆ ಹರಿಯುವ ರಕ್ತದಿಂದಷ್ಟೇ ಅದರ ಹೊಟ್ಟೆ ತುಂಬುವುದಿಲ್ಲ. ಹೊರಪದರಕ್ಕೆಂದೇ ಬೇರೆ ಕಿರುನಾಳಗಳಿವೆ; ರಕ್ತನಾಳಕ್ಕೂ ರಕ್ತನಾಳ! ಟಕಾಯಾಸು ಎಂಬ ಕಾಯಿಲೆಯಲ್ಲಿ ದೇಹದ ರಕ್ಷಣಾ ಕಣಗಳು ಈ ದಾರಿಯಲ್ಲೇ ಗೋಡೆಗೆ ನುಗ್ಗಿ ಉರಿಯೂತ ಎಬ್ಬಿಸುತ್ತವೆ. ನೋವಿನ ನರತಂತುಗಳೂ ಆ ಹೊರಪದರದಲ್ಲೇ ಇವೆ. ಅವು ಬೆನ್ನುಹುರಿಯನ್ನು ಸೇರುವ ಮಟ್ಟದಲ್ಲೇ ಬೆನ್ನಿನ ನರಗಳೂ ಸೇರುವುದರಿಂದ, ಮಿದುಳಿಗೆ ನೋವಿನ ವಿಳಾಸ ತಪ್ಪುತ್ತದೆ.

ಕಾಯಿಲೆಗೆ ಹೆಸರು ಕೊಟ್ಟ ಮಿಕಿಟೊ ಟಕಾಯಾಸು ಹೃದ್ರೋಗ ತಜ್ಞರಲ್ಲ, ಜಪಾನಿನ ಕಣ್ಣಿನ ವೈದ್ಯರು. 1908ರಲ್ಲಿ ಅವರು ವಿವರಿಸಿದ್ದು 21 ವರ್ಷದ ಯುವತಿಯೊಬ್ಬಳ ಅಕ್ಷಿಪಟಲದಲ್ಲಿ ಒಂದಕ್ಕೊಂದು ಬೆಸೆದುಕೊಂಡಿದ್ದ ವಿಚಿತ್ರ ನಾಳಗಳನ್ನು. ಅದೇ ಕಾಲಕ್ಕೆ ಬೇರೆ ವೈದ್ಯರು, ಇಂಥ ಕಣ್ಣಿನ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗುವುದಿಲ್ಲ ಎಂದು ಗಮನಿಸಿದರು. ಮಹಾಪಧಮನಿಯಿಂದ ತೋಳಿಗೆ ಹೋಗುವ ಕವಲುಗಳೂ ಉರಿಯೂತದಿಂದ ಕಿರಿದಾಗುವುದೇ ಅದಕ್ಕೆ ಕಾರಣ. ‘ನಾಡಿಯಿಲ್ಲದ ಕಾಯಿಲೆ’ ಎಂಬ ಹೆಸರೂ ಇದಕ್ಕೆ ಅಂಟಿಕೊಂಡಿತು.

ಇದು ಹೆಚ್ಚಾಗಿ ಕಾಡುವುದು ನಲವತ್ತರೊಳಗಿನ ಹೆಂಗಸರನ್ನು. ಬೆನ್ನುನೋವಷ್ಟೇ ಮೊದಲ ಲಕ್ಷಣವಾಗುವುದು ಅಪರೂಪ. ಹಾಗಾದಾಗ ಬೆನ್ನುಮೂಳೆಯ ಎಕ್ಸ್‌ರೇಯಲ್ಲಿ ಏನೂ ಕಾಣದು. ಜೊತೆಗೆ ಸಣ್ಣ ಜ್ವರ, ಸುಸ್ತು, ಇಳಿಯುವ ತೂಕ, ರಕ್ತಪರೀಕ್ಷೆಯಲ್ಲಿ ಏರಿದ ಇಎಸ್‌ಆರ್ (ಉರಿಯೂತದ ಸೂಚಕ) ಇದ್ದರೆ ಡಿಸ್ಕನ್ನು ಬಿಟ್ಟು ನಾಳದತ್ತ ನೋಡಬೇಕು. ನನ್ನನ್ನು ಕೇಳಿದರೆ, ದುಬಾರಿ ಸ್ಕ್ಯಾನಿಗೆ ಮೊದಲು ಎರಡೂ ತೋಳುಗಳಲ್ಲಿ ಬಿಪಿ ನೋಡುವುದೇ ಜಾಣತನ. ವ್ಯತ್ಯಾಸ 10 ಅಂಕ ದಾಟಿದರೆ, ಅಥವಾ ಕತ್ತಿನ ಬುಡದಲ್ಲಿಟ್ಟ ಸ್ಟೆತಾಸ್ಕೋಪಿಗೆ ‘ಶ್‌ಶ್’ ಎಂಬ ಸದ್ದು ಕೇಳಿದರೆ, ನಾಳ ಕಿರಿದಾಗಿರಬಹುದು. ಖಚಿತಪಡಿಸಲು ಸಿಟಿ, ಎಂಆರ್‌ಐ ಅಥವಾ ಪೆಟ್ ಸ್ಕ್ಯಾನ್ ಬೇಕು. ಪೆಟ್ ಸ್ಕ್ಯಾನಿನಲ್ಲಿ ವಿಕಿರಣ ಸೂಸುವ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಾರೆ. ಉರಿಯೂತದ ಕಣಗಳು ಅದನ್ನು ಗಬಗಬನೆ ನುಂಗಿ, ನಾಳದ ಗೋಡೆ ಚಿತ್ರದಲ್ಲಿ ಬೆಳಗುತ್ತದೆ.

ಚಿಕಿತ್ಸೆ ಸ್ಟೀರಾಯ್ಡಿನಿಂದ ಶುರು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಬೇರೆ ಮದ್ದುಗಳೂ ಸೇರುತ್ತವೆ. ಭಾರತದ ರೋಗಿಗಳಲ್ಲಿ ಮೂತ್ರಪಿಂಡದ ನಾಳ ಕಿರಿದಾಗಿ ಬಿಪಿ ಏರುವುದು ಸಾಮಾನ್ಯ. ಆದರೆ ತೋಳಿನ ನಾಳವೂ ಕಟ್ಟಿಕೊಂಡಿದ್ದರೆ ಆ ತೋಳಿನ ಯಂತ್ರ ಕಡಿಮೆ ಬಿಪಿಯನ್ನೇ ತೋರಿಸುತ್ತದೆ. ಹಾಗಾಗಿ ಯಾವ ತೋಳಿನ ಅಂಕವನ್ನು ನಂಬಬೇಕು, ಇಲ್ಲವೇ ಕಾಲಿನಲ್ಲೇ ನೋಡಬೇಕೇ ಎಂಬುದನ್ನು ವೈದ್ಯರು ಮೊದಲೇ ಹೇಳಿಡುತ್ತಾರೆ.