ಒತ್ತಕ್ಷರ ಜಾಗ ತಪ್ಪಿದಾಗ

ನಾಮಫಲಕದಲ್ಲಿ ಶೇ 60ರಷ್ಟು ಜಾಗ ಕನ್ನಡಕ್ಕೆ ಮೀಸಲಿರಬೇಕು ಎಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಜಾಗವನ್ನು ಪಟ್ಟಿ ಹಿಡಿದು ಅಳೆಯಬಹುದು, ಕಾಗುಣಿತವನ್ನು ಅಳೆಯುವುದು ಹೇಗೆ? ಊರೂರಿನ ಫ್ಲೆಕ್ಸ್‌ಗಳಲ್ಲಿ ‘ಉಧ್ಗಾಟನೆ’, ‘ಅಧ್ಬುತ’, ‘ವಿಧ್ಯಾರ್ಥಿ’, ‘ಶುಭಾಷಯ’ಗಳು ಮತ್ತೆ ಮತ್ತೆ ಕಣ್ಣಿಗೆ ಚುಚ್ಚುತ್ತವೆ. ಅಸಡ್ಡೆಯೆಂದು ಬೈಯುವುದು ಸುಲಭ. ಆದರೆ ಅಸಡ್ಡೆಯವರು ಅಕ್ಷರದ ಗೆರೆಯನ್ನು ಬಿಡುತ್ತಾರೆ, ಇಲ್ಲದ ಗೆರೆ ಎಳೆಯುವುದಿಲ್ಲ. ‘ವಿದ್ಯಾರ್ಥಿ’ಯ ದಕಾರಕ್ಕೂ ಹೊಟ್ಟೆ ಸೀಳಿದವರಿಗೆ ಶುದ್ಧವಾಗಿ ಬರೆಯುವ ಆಸೆಯಿದೆ, ದಾರಿ ಗೊತ್ತಿಲ್ಲ. ನನ್ನ ಮಟ್ಟಿಗೆ ಇದು ತಿರಸ್ಕಾರಕ್ಕೆ ಪಾತ್ರವಾಗುವ ತಪ್ಪಲ್ಲ.

ದಾರಿ ಇಲ್ಲದೆ ಇಲ್ಲ. ಅನುನಾಸಿಕವಲ್ಲದ ಎರಡು ವರ್ಗೀಯ ವ್ಯಂಜನಗಳು ಕೂಡಿದಾಗ ಮಹಾಪ್ರಾಣ ಮೊದಲನೆಯದಕ್ಕೆ ಬರುವುದಿಲ್ಲ, ಬಂದರೆ ಕೆಳಗಿನ ಒತ್ತಿಗೇ ಬರುತ್ತದೆ: ಅದ್ಭುತ, ಉದ್ಘಾಟನೆ, ಬುದ್ಧಿ, ಶ್ರದ್ಧಾಂಜಲಿ. ಯಕಾರ ಅವರ್ಗೀಯವಾದ್ದರಿಂದ ‘ಮಧ್ಯ’ಕ್ಕೆ ಈ ಸೂತ್ರ ತಾಗದು, ಅದನ್ನು ನೆನಪಿಟ್ಟುಕೊಳ್ಳಲೇಬೇಕು. ಕುಡಿತ ಬಿಡಿಸುವ ಶಿಬಿರದ ಬ್ಯಾನರಿನಲ್ಲಿ ‘ಮಧ್ಯವರ್ಜನ’ ಎಂದಾದರೆ ವರ್ಜಿಸಬೇಕಾದ್ದು ನಡುವೋ ಹೆಂಡವೋ ತಿಳಿಯದು.

ಉಚ್ಚಾರದಲ್ಲೇ ಇಲ್ಲದ ಮಹಾಪ್ರಾಣ ಬರಹಕ್ಕೇಕೆ ಎಂದು ಕೇಳುವವರಿದ್ದಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ಈ ವಾದವನ್ನು ಗಟ್ಟಿಯಾಗಿ ಮಂಡಿಸಿ, ತಮ್ಮ ಹೆಸರನ್ನೂ ಹಾಗೆಯೇ ಬರೆದರು. ಅದು ಗೌರವಿಸಬೇಕಾದ ವಾದ. ಆದರೆ ಅವರ ‘ಹೊಸಬರಹ’ ಎಂಬ ಪದ್ಧತಿಗೆ ಕಟ್ಟುನಿಟ್ಟಿನ ನಿಯಮವಿದೆ, ಓದುಗನಿಗೆ ಮುಂದಿನ ಪದ ಹೇಗಿರುತ್ತದೆಂದು ಗೊತ್ತಿರುತ್ತದೆ. ಫ್ಲೆಕ್ಸ್‌ನ ಬರಹ ಒಂದೆಡೆ ಮಹಾಪ್ರಾಣ ಕಳೆದು ಇನ್ನೊಂದೆಡೆ ಕೂಡಿಸುತ್ತದೆ; ಅದನ್ನು ಸುಧಾರಣೆ ಎನ್ನಲಾಗದು. ಹಕಾರ ಬಿಟ್ಟು ಮಾತಾಡುವುದು ಹಲವು ಸೀಮೆಗಳ ಸಹಜ ನುಡಿ, ಅದನ್ನು ಆಡಿಕೊಳ್ಳುವುದು ಸಣ್ಣತನ. ಬರಹದ ಮಾತು ಬೇರೆ. ಧಾರವಾಡ, ಮಂಗಳೂರು, ಮಂಡ್ಯದವರು ತಂತಮ್ಮ ಮಾತಿನ ಆಚೆ ಕೂಡುವ ಜಾಗ ಅದೊಂದೇ. ಅಲ್ಲಿ ‘ಆದರದ ಸ್ವಾಗತ’ ‘ಹಾದರದ ಸ್ವಾಗತ’ವಾದರೆ ಕರೆದವರ ಮರ್ಯಾದೆಯೇ ಹೋಗುತ್ತದೆ.

ಅಚ್ಚುಕೂಟಗಳಲ್ಲಿ ಕರಡು ತಿದ್ದುವವರು ಇರುತ್ತಿದ್ದರು. ಇಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಕ್ಕಣೆ ನೇರ ಯಂತ್ರಕ್ಕೆ ಹೋಗುತ್ತದೆ. ಎಡವುವ ಪದಗಳಾದರೋ ಹೆಚ್ಚೆಂದರೆ ನಲವತ್ತೋ ಐವತ್ತೋ. ಅವುಗಳ ಸರಿರೂಪವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಪ್ರತಿ ಡಿಟಿಪಿ ಅಂಗಡಿಯ ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸುವ ಕೆಲಸವನ್ನು ಈ ನವೆಂಬರಿನಲ್ಲಿ ಕನ್ನಡ ಸಂಘಗಳು ಕೈಗೆತ್ತಿಕೊಳ್ಳಬಹುದು.