ಈ ವಾರ ಎಷ್ಟು ಬರೆದಿರಿ?

ನಮ್ಮ ಸಂಘದ ಯುವ ವಿಭಾಗದವರನ್ನು ಮಾತಾಡಿಸಿ ನೋಡಿ. ಒಬ್ಬೊಬ್ಬರ ಕೈಯಲ್ಲೂ ಕಡಿಮೆಯೆಂದರೆ ಮೂರು ಕೆಲಸ. ಒಬ್ಬ ಕಿರುಚಿತ್ರಕ್ಕೆ ಸ್ಕ್ರಿಪ್ಟ್ ಬರೆಯುತ್ತಿದ್ದಾನೆ, ಅದರ ಜೊತೆಗೇ ಎರಡು ಹಾಡು. ಇನ್ನೊಬ್ಬಳು ಅಜ್ಜನ ಹೋಟೆಲಿನ ಕಥೆಯನ್ನು ಕಾದಂಬರಿ ಮಾಡುತ್ತಾಳಂತೆ, ನಡುವೆ ಕವಿತೆ, ನಡುವೆ ಚಿತ್ರ. "ಎಲ್ಲಿಯವರೆಗೆ ಬಂತಮ್ಮಾ?" ಎಂದು ಕೇಳಿದರೆ, "ಎಲ್ಲಾ ಚಾಲೂ ಇದೆ ಆಂಟಿ" ಎಂಬ ಉತ್ತರ. ಚಾಲೂ ಎನ್ನುವುದು ನಮ್ಮ ಮುಂಬಯಿ ಕನ್ನಡದ ಮುದ್ದಿನ ಶಬ್ದ. ಓಡುವ ಗಾಡಿಯೂ ಚಾಲೂ, ಸಿಗ್ನಲ್ ಸಿಗದೆ ದಾದರಿಗೂ ಮಾಟುಂಗಕ್ಕೂ ನಡುವೆ ಗುರುಗುಟ್ಟುತ್ತ ನಿಂತ ಗಾಡಿಯೂ ಚಾಲೂ!

ಹಾಗಾಗಿ ಈಚೆಗೆ ನಾನು ಪ್ರಶ್ನೆಯನ್ನೇ ಬದಲಾಯಿಸಿದ್ದೇನೆ. "ಕಳೆದ ಶನಿವಾರದಿಂದ ಈ ಶನಿವಾರಕ್ಕೆ ಎಷ್ಟು ಮುಂದೆ ಹೋಯಿತು?" ಎಂದು ಕೇಳುತ್ತೇನೆ. ಮಕ್ಕಳಿಗೆ ಇದು ಟ್ಯೂಷನ್ ಮೇಡಂ ಪ್ರಶ್ನೆಯಂತೆ ಕೇಳಿಸುತ್ತದೆ. ಆದರೆ ಇದನ್ನು ಕಂಡುಹಿಡಿದವಳು ನಾನಲ್ಲ.

ಬಿ.ಎ. ಓದುವಾಗ ಆಂಥೊನಿ ಟ್ರೊಲೋಪ್ ಎಂಬ ಇಂಗ್ಲಿಷ್ ಕಾದಂಬರಿಕಾರನ ಹೆಸರು ಕೇಳಿದ್ದೆ. ಅವನು ಲಂಡನ್ನಿನ ಅಂಚೆ ಇಲಾಖೆಗೆ 1834ರಲ್ಲಿ ಗುಮಾಸ್ತನಾಗಿ ಸೇರಿ 1867ರವರೆಗೆ ನೌಕರಿ ಮಾಡಿದವನು. ಬ್ರಿಟನ್ನಿನ ಬೀದಿಗಳಿಗೆ ಅಂಚೆ ಡಬ್ಬಿ ಬರಲು ಕಾರಣನಾದವನೂ ಅವನೇ. ಹೀಗೆ ಪೂರ್ತಿ ನೌಕರಿ ಮಾಡುತ್ತಲೇ ಸಾಲುಸಾಲಾಗಿ ಕಾದಂಬರಿ ಬರೆದ. ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು. ಹೇಗೆ ಎಂಬುದನ್ನು ಅವನ ಆತ್ಮಕಥೆಯೇ ಹೇಳುತ್ತದೆ. ಹೊಸ ಪುಸ್ತಕ ಶುರುಮಾಡುವಾಗ ವಾರವಾರವಾಗಿ ವಿಂಗಡಿಸಿದ ಒಂದು ಡೈರಿ ತಯಾರಿಸುತ್ತಿದ್ದ. ಆ ದಿನ ಬರೆದ ಪುಟಗಳ ಸಂಖ್ಯೆಯನ್ನು ಅಂದಂದೇ ಅದರಲ್ಲಿ ನಮೂದಿಸುತ್ತಿದ್ದ. ವಾರಕ್ಕೆ ಸರಾಸರಿ 40 ಪುಟ, ಕೆಲವು ವಾರ 20ಕ್ಕೆ ಇಳಿದದ್ದಿದೆ, ಒಮ್ಮೆ 112ಕ್ಕೂ ಏರಿತ್ತು. ಪುಟಕ್ಕೆ 250 ಶಬ್ದ ಎಂದು ಎಣಿಸಿ ಇಡುತ್ತಿದ್ದ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂರುವುದು, ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಶಬ್ದ. ಎಬ್ಬಿಸಿ ಕಾಫಿ ಕೊಡುವ ಆಳಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚಿಗೆ ಸಂಬಳ! (ನಮ್ಮ ಮನೆಗಳಲ್ಲಿ ಎಬ್ಬಿಸುವವರಿಗೂ ಕಾಫಿ ಕೊಡುವವರಿಗೂ ಸಂಬಳ ಇಲ್ಲ, ಇರಲಿ.)

1883ರಲ್ಲಿ, ಅವನು ತೀರಿಕೊಂಡ ಮರುವರ್ಷ ಆ ಆತ್ಮಕಥೆ ಅಚ್ಚಾದಾಗ ರಸಿಕರು ಮೂಗು ಮುರಿದರು. ಸಾಹಿತ್ಯವನ್ನು ಗಿರಣಿಯ ಬಟ್ಟೆಯಂತೆ ಗಜದಲ್ಲಿ ಅಳೆಯುವುದೇ? ಸ್ಫೂರ್ತಿ ಎಲ್ಲಿ ಹೋಯಿತು? ನನಗನಿಸುವುದು ಬೇರೆ. ಮನೆ ನಡೆಸಿದ ಯಾವ ಹೆಂಗಸಿಗೂ ಅವನ ಲೆಕ್ಕ ವಿಚಿತ್ರವಾಗಿ ಕಾಣುವುದಿಲ್ಲ. ಹಾಲಿನ ಲೆಕ್ಕ ಬರೆದಿಟ್ಟ ಮಾತ್ರಕ್ಕೆ ಪಾಯಸದ ರುಚಿ ಕೆಡುವುದಿಲ್ಲವಲ್ಲ!

ಅಷ್ಟು ದೂರ ಯಾಕೆ, ನಮ್ಮ ಮುಂಬಯಿಗೇ ಬನ್ನಿ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ದಾದರಿನ ಪಕ್ಕದಲ್ಲೇ, ಮಾಟುಂಗದ ಯು.ಡಿ.ಸಿ.ಟಿ.ಯಲ್ಲಿ ಓದಿದವರು. ಆಮೇಲೆ ಪ್ಲಾಸ್ಟಿಕ್ ಮತ್ತು ರಾಳಗಳ ತಂತ್ರಜ್ಞರಾಗಿ ಬೇಕಲೈಟ್ ಹೈಲಂ ಕಂಪೆನಿಯಲ್ಲಿ ದೊಡ್ಡ ಹುದ್ದೆಗೇರಿದರು. ಬಾಂದ್ರಾದ ಬ್ಯಾಂಡ್‌ಸ್ಟಾಂಡಿನಲ್ಲಿ, ಸಮುದ್ರದ ಎದುರಿಗೇ ಅವರ ಮನೆ. ಹಗಲೆಲ್ಲ ಕಂಪೆನಿಯ ಮೀಟಿಂಗು, ಫ್ಯಾಕ್ಟರಿ, ಪ್ರವಾಸ. ಬರೆದದ್ದು ಮಾತ್ರ ಕನ್ನಡದಲ್ಲಿ, ಅದರಲ್ಲೂ ಬಹುಪಾಲು ಹನೇಹಳ್ಳಿಯ ಬಗ್ಗೆ. 'ಮೂರು ದಾರಿಗಳು' ಕಾದಂಬರಿ 1964ರಲ್ಲಿ ಬಂತು. ಗಿರೀಶ ಕಾಸರವಳ್ಳಿಯವರು 1981ರಲ್ಲಿ ಅದನ್ನು ಸಿನಿಮಾ ಮಾಡಿದರು. ಮುಂದಿನ ಕಾದಂಬರಿ 'ಶಿಕಾರಿ' ಬಂದದ್ದು 1979ರಲ್ಲಿ. ನಡುವೆ ಹದಿನೈದು ವರ್ಷ!

ಆ ಹದಿನೈದು ವರ್ಷ ಅವರು ಪೆನ್ನು ಕೆಳಗಿಟ್ಟು ಕುಳಿತಿರಲಿಲ್ಲ, ಕಥೆಗಳು ಬರುತ್ತಲೇ ಇದ್ದವು. ಒಂದು ಕೆಲಸ ಒಳಗೇ ಬೇಯುತ್ತಿರುವಾಗ ಇನ್ನೊಂದು ಕೆಲಸದಿಂದ ಕೈ ಬಳಕೆಯಲ್ಲಿತ್ತು. 'ಶಿಕಾರಿ'ಯ ನಾಗಪ್ಪ ಮುಂಬಯಿಯ ಕಂಪೆನಿ ಜಗತ್ತಿನ ಒಳಸಂಚಿನಲ್ಲಿ ಸಿಕ್ಕಿಬಿದ್ದವನು. ಅವನನ್ನು ಬರೆಯಲು ಆ ಲೋಕದಲ್ಲಿ ವರ್ಷಗಟ್ಟಲೆ ಇದ್ದು ನೋಡಿದ ಕಣ್ಣೇ ಬೇಕಿತ್ತು. ಮರುವರ್ಷ, 1980ರಲ್ಲಿ, 'ಕಥೆಯಾದಳು ಹುಡುಗಿ' ಸಂಕಲನ. ಅದಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2014ರಲ್ಲಿ ಅವರು ತೀರಿಕೊಂಡರು. ನಿಮ್ಮಲ್ಲಿ ಕಾರ್ಪೊರೇಟ್ ಕಂಪೆನಿಗಳಲ್ಲಿ ದುಡಿಯುವವರು 'ಶಿಕಾರಿ'ಯನ್ನು ಓದಲೇಬೇಕು. ಕನ್ನಡ ಓದಲು ಬರದಿದ್ದರೆ ಅಪ್ಪನಿಂದಲೋ ಅಮ್ಮನಿಂದಲೋ ದಿನಕ್ಕೆ ಎರಡು ಪುಟ ಓದಿಸಿಕೊಳ್ಳಿ.

ಹಲವು ಬಗೆಯ ಕೆಲಸ ಒಟ್ಟಿಗೆ ಹಿಡಿಯುವವರಿಗೆ ಜಯಂತ ಕಾಯ್ಕಿಣಿಯವರ ಉದಾಹರಣೆ ಇನ್ನೂ ಹತ್ತಿರದ್ದು. ಗೋಕರ್ಣದ ಸಾಹಿತಿ ಗೌರೀಶ ಕಾಯ್ಕಿಣಿಯವರ ಮಗ. ಮುಂಬಯಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದು, ಔಷಧ ಕಂಪೆನಿಯಲ್ಲಿ ಕೆಮಿಸ್ಟ್ ಆಗಿ ದುಡಿದವರು. ಮೊದಲ ಸಂಕಲನ 'ರಂಗದಿಂದೊಂದಿಷ್ಟು ದೂರ' 1974ರಲ್ಲಿ ಬಂದಾಗ ಅವರಿಗೆ ನಿಮ್ಮ ವಯಸ್ಸು, ಹತ್ತೊಂಬತ್ತು. ಆಮೇಲೆ ಕಥೆ, ಕವಿತೆ, ನಾಟಕಗಳ ರೂಪಾಂತರ, ಅಂಕಣ, ಕಡೆಗೆ 2006ರ 'ಮುಂಗಾರು ಮಳೆ'ಯಿಂದ ಮನೆಮನೆಗೂ ಮುಟ್ಟಿದ ಸಿನಿಮಾ ಹಾಡು. ನಮ್ಮ ಈ ಲೋಕಲ್ ಗಾಡಿ, ಚಾಳು, ಇರಾನಿ ಹೋಟೆಲುಗಳ ಜನರನ್ನು ಕುರಿತ ಕಥೆಗಳೇ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ 'ನೋ ಪ್ರೆಸೆಂಟ್ಸ್ ಪ್ಲೀಸ್' ಆಗಿ, 2018ರ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿ.ಎಸ್.ಸಿ. ಬಹುಮಾನ ಪಡೆದವು. ಅವರ ಕವಿತೆ ಓದಿ ಕಥೆಗೆ ಬಂದವರಿಗೆ ಒಂದು ವಿಷಯ ಗೊತ್ತಾಗುತ್ತದೆ. ಕವಿತೆಯಲ್ಲಿ ಕಲಿತ ಹೋಲಿಕೆಯ ಚುರುಕು ಕಥೆಯಲ್ಲಿ ಕೆಲಸ ಮಾಡುತ್ತದೆ, ಕಥೆಯ ಜನರು ಅಂಕಣದಲ್ಲಿ ನಡೆದಾಡುತ್ತಾರೆ. ಮೂರು ಕೆಲಸ ಹಿಡಿಯುವುದು ತಪ್ಪಲ್ಲ. ಮೂರರಲ್ಲಿ ಯಾವುದಾದರೂ ಒಂದು ವಾರವಾರ ಅಲುಗಾಡುತ್ತಿರಬೇಕು, ಅಷ್ಟೇ.

ವ್ಯಾಸರಾಯ ಬಲ್ಲಾಳರ ವಿಷಯವನ್ನೂ ಹೇಳಬಹುದು. ಅಂಬಲಪಾಡಿಯಿಂದ ಬಂದು ಇಲ್ಲಿ ನೌಕರಿ ಮಾಡುತ್ತಲೇ ಬರೆದವರು, 'ಬಂಡಾಯ' ಕಾದಂಬರಿಗೆ 1986ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದವರು. ಅವರ ಬಗ್ಗೆ ಇನ್ನೊಮ್ಮೆ ಬೇರೆಯಾಗಿಯೇ ಬರೆಯಬೇಕು.

ಈಗ ನನ್ನ ಲೆಕ್ಕ. ನಾನು ಲೇಖಕಿ ಎಂದು ಹೇಳಿಕೊಳ್ಳುವವಳಲ್ಲ, ಆದರೂ ಕೈಯಲ್ಲಿ ಮೂರು ಕೆಲಸಗಳಿವೆ. ಒಂದು, ಮಕ್ಕಳಿಗೆ ಅರ್ಧ ಗಂಟೆಯ ನಾಟಕ. ಎರಡು, ಒಂದು ಇಂಗ್ಲಿಷ್ ನೀಳ್ಗತೆಯ ಅನುವಾದ. ಮೂರು, ನನ್ನ ಚಿಕ್ಕಮ್ಮನ ಹಾಡುಗಳು. ಮನೆಖರ್ಚಿನ ಪುಸ್ತಕದಲ್ಲಿ ಎಡಗಡೆ ಪೇಪರು, ಹಾಲು, ಇಸ್ತ್ರಿಯವನ ಬಾಬ್ತು. ಬಲಗಡೆ ಇವುಗಳ ಬಾಬ್ತು. ಶನಿವಾರ ಮಧ್ಯಾಹ್ನ ಎರಡನ್ನೂ ಕೂಡಿಸುತ್ತೇನೆ.

ಮೊದಮೊದಲು ಮೂರಕ್ಕೂ ಸಮನಾಗಿ ಸಮಯ ಹಂಚಿದ್ದೆ. ಆರೇಳು ವಾರದ ಲೆಕ್ಕ ನೋಡಿದ ಮೇಲೆ ಆ ಹಂಚಿಕೆ ಬಿಟ್ಟೆ. ಚಿಕ್ಕಮ್ಮ ಕುಂದಾಪುರದ ಹತ್ತಿರದ ಹಳ್ಳಿಯಲ್ಲಿದ್ದಾರೆ, ವಯಸ್ಸು ಎಂಬತ್ತಾರು. ನೇಜಿ ನೆಡುವಾಗಿನ ಹಾಡು, ತೊಟ್ಟಿಲ ಹಾಡು, ಮದುವೆ ಹಾಡು ಎಲ್ಲ ಅವರ ಬಾಯಲ್ಲೇ ಇದ್ದವು. ಮೊದಲ ವಾರಗಳಲ್ಲಿ ಫೋನಿನಲ್ಲಿ ಒಂದು ಕೂತಿಗೆ ಎರಡು ಹಾಡು ಬರೆದುಕೊಳ್ಳುತ್ತಿದ್ದೆ. ಬರಬರುತ್ತ ಒಂದು ಹಾಡಿಗೆ ಎರಡು ವಾರ ಬೇಕಾಯಿತು. ಮೊದಲ ಸಾಲು ಹೇಳುತ್ತಾರೆ, ನಡುವೆ ನಿಲ್ಲುತ್ತಾರೆ, "ತಡಿ ಮಗಾ, ನೆನ್ಪಾಯ್ಲಿ" ಎನ್ನುತ್ತಾರೆ. ನೆನಪಾಗುವುದಿಲ್ಲ. ನನ್ನ ಪುಸ್ತಕದ ಬಲಗಡೆಯ ಅಂಕಿಗಳಲ್ಲೇ ಅದು ಕಾಣಿಸಿತು: 2, 2, 1, 1, ಅರ್ಧ. ಅದೇ ಊರಿಗೆ ವರ್ಷಕ್ಕೊಮ್ಮೆ ಹೋಗಿಬರುವ ಮಕ್ಕಳು ಮೊಮ್ಮಕ್ಕಳಿಗೆ ಅದು ಗೊತ್ತೇ ಆಗಿರಲಿಲ್ಲ. ಅವರ ಎದುರಿಗೆ ಚಿಕ್ಕಮ್ಮ ನಗುತ್ತಾ ಮಾತಾಡುತ್ತಾರೆ, ಊಟ ಬಡಿಸುತ್ತಾರೆ.

ಅಂದಿನಿಂದ ನಾಟಕ ಮೂಲೆಗೆ ಹೋಯಿತು. ನಾಟಕವನ್ನು ಮುಂದಿನ ವರ್ಷವೂ ಬರೆಯಬಹುದು. ಇಂಗ್ಲಿಷ್ ಕಥೆ ಪುಸ್ತಕದಲ್ಲಿ ಅಚ್ಚಾಗಿ ಭದ್ರವಾಗಿದೆ, ಅದಕ್ಕೆ ವಾರಕ್ಕೆ ಎರಡು ಪುಟ ಸಾಕು. ಹಾಡಿಗೆ ವಾರದಲ್ಲಿ ಮೂರು ಬೆಳಗು. ಬೆಳಿಗ್ಗೆ ಏಕೆಂದರೆ, ಕಾಫಿಯಾದ ಮೇಲೆ ಅವರ ನೆನಪು ಚೆನ್ನಾಗಿರುತ್ತದೆ, ಸಂಜೆ ದಣಿದಿರುತ್ತಾರೆ. ಮರೆತ ಸಾಲಿಗೆ ಒತ್ತಾಯ ಮಾಡಬಾರದು ಎಂಬುದನ್ನೂ ಕಂಡುಕೊಂಡೆ. ಬೇರೆ ಹಾಡು ಹೇಳುವಾಗ ಹಳೆಯ ಸಾಲು ತಾನಾಗಿ ಬಂದುಬಿಡುತ್ತದೆ. ಹಾಗಾಗಿ ಫೋನಿನ ರೆಕಾರ್ಡರನ್ನು ಮೊದಲಿಂದ ಕಡೆಯವರೆಗೆ ಬಿಟ್ಟಿರುತ್ತೇನೆ. ಆಮೇಲೆ ಕುಳಿತು ಬಿಡಿಸುತ್ತೇನೆ.

ಅಜ್ಜನ ಹೋಟೆಲಿನ ಕಥೆ ಬರೆಯುವ ನಮ್ಮ ಹುಡುಗಿಗೆ ಇದನ್ನೇ ಹೇಳಿದೆ. ಅಜ್ಜ ದಾದರ್ ಸ್ಟೇಷನ್ನಿನ ಹೊರಗಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತ, ರಾತ್ರಿ ಶಾಲೆಯಲ್ಲಿ ಕಲಿತು ಗಲ್ಲಾಪೆಟ್ಟಿಗೆಗೆ ಬಂದವರು. ಟ್ರಾಂ ಓಡುತ್ತಿದ್ದ ದಾದರ್ ಟಿ.ಟಿ. ಅವರಿಗೆ ನೆನಪಿದೆ. ಟ್ರಾಂ ನಿಂತದ್ದು 1964ರಲ್ಲಿ. ಅದನ್ನು ಕಣ್ಣಾರೆ ಕಂಡು ಹೇಳುವವರು ಇನ್ನೆಷ್ಟು ಜನ ಸಿಗುತ್ತಾರೆ? ಕವಿತೆಗೂ ಚಿತ್ರಕ್ಕೂ ಅವಳಿಗೆ ಮುಂದೆ ಬೇಕಾದಷ್ಟು ಕಾಲವಿದೆ. ಅಜ್ಜನನ್ನು ಕೂರಿಸಿ ಕೇಳುವ ಕೆಲಸ ಮಾತ್ರ ಈ ವಾರದ್ದು.

"ಆದರೆ ಆಂಟಿ, ನಂಗೆ ಕನ್ನಡ ಬರೀಲಿಕ್ಕೆ ಬರಲ್ಲ" ಎಂದಳು. ಇದು ನಿಮ್ಮಲ್ಲಿ ಹಲವರ ಕಷ್ಟ. ಮಾತಾಡಲು ಬರುತ್ತದೆ, ಶಾಲೆಯಲ್ಲಿ ಕಲಿತದ್ದು ಮರಾಠಿ, ಹಿಂದಿ, ಇಂಗ್ಲಿಷ್. ಹಿರಿಯರು ಕೆಲವರಿಗೆ ಸಿಟ್ಟು ಬರಬಹುದು, ಆದರೂ ನನ್ನ ಸಲಹೆ ಇದು: ಅಜ್ಜನ ಮಾತನ್ನು ಅಜ್ಜನ ಕನ್ನಡದಲ್ಲೇ, ಕೈಗೆ ಬರುವ ಲಿಪಿಯಲ್ಲಿ ಮೊದಲು ಇಳಿಸಿಕೊಳ್ಳಿ. ದೇವನಾಗರಿಯಾದರೂ ಸರಿ. ಕನ್ನಡ ಅಕ್ಷರ ಆಮೇಲೆ ಕಲಿಯಬಹುದು, ದೇವನಾಗರಿ ಬಲ್ಲವರಿಗೆ ವರ್ಣಮಾಲೆಯ ಕ್ರಮ ಗೊತ್ತೇ ಇದೆ. ಅಜ್ಜನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಬರೆದಿಟ್ಟರೆ ಮಾತ್ರ ಅವರು ಹೇಳಿದ ರೀತಿ ಮತ್ತೆ ಸಿಗುವುದಿಲ್ಲ.

ದಿನಕ್ಕೆ 50 ಶಬ್ದ ಬರೆದರೆ ವಾರಕ್ಕೆ 350. ವರ್ಷಕ್ಕೆ ಹದಿನೆಂಟು ಸಾವಿರಕ್ಕೂ ಮೇಲೆ, ಒಂದು ಸಣ್ಣ ಪುಸ್ತಕ. ದಾದರಿನಿಂದ ಚರ್ಚ್‌ಗೇಟಿಗೆ ಹೋಗುವಷ್ಟರಲ್ಲಿ ಮೊಬೈಲಿನಲ್ಲಿ 50 ಶಬ್ದ ಮುಗಿಯುತ್ತದೆ, ಕೂರಲು ಜಾಗ ಸಿಕ್ಕಿದರೆ. ಸಿಗದಿದ್ದ ದಿನ ಸೊನ್ನೆ ಬರೆಯಿರಿ. ಸೊನ್ನೆಯನ್ನು ಬರೆಯದೆ ಬಿಡಬೇಡಿ. ಚೌತಿಯ ವಾರ ಮನೆ ತುಂಬ ನೆಂಟರಿದ್ದಾಗ ನನ್ನ ಪುಸ್ತಕದಲ್ಲೂ ಮೂರು ಸೊನ್ನೆಗಳೇ ಇವೆ.

ಹೋದ ವಾರದ್ದು: ನಾಟಕ 0, ಅನುವಾದ 2 ಪುಟ, ಹಾಡು 1. ಒಟ್ಟು ಹಾಡುಗಳು ಈಗ 31. ಅದರಲ್ಲಿ ನಾಲ್ಕಕ್ಕೆ ನಡುವಿನ ಸಾಲುಗಳು ಸಿಕ್ಕಿಲ್ಲ. ಕುಂದಾಪುರದ ಕಡೆಯ ಅಜ್ಜಿಯಂದಿರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಸಂಘದ ಆಫೀಸಿನಲ್ಲಿ ಒಂದು ಮಾತು ಹೇಳಿಡಿ. ಬೆಳಗಿನ ಹೊತ್ತು ನಾನೇ ಬಂದು ಕೇಳಿಕೊಳ್ಳುತ್ತೇನೆ.