ಡೆಸ್ಕ್‌ಟಾಪ್ ಮೇಲಿದ್ದ ಫೋಟೋ ಎಲ್ಲಿ ಹೋಯ್ತು?

ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ಹಾಸನದಿಂದ ಅಕ್ಕನ ಫೋನ್. "ಲ್ಯಾಪ್‌ಟಾಪ್ ರಿಪೇರಿ ಆಗಿ ಬಂತು ಕಣೋ. ಆದ್ರೆ ಒಳಗೆ ಏನೂ ಇಲ್ಲ."

ವಿಂಡೋಸ್ ತೆರೆದುಕೊಳ್ತಿಲ್ಲ ಅಂತ ಅಂಗಡಿಗೆ ಕೊಟ್ಟಿದ್ದಳು. ಅಲ್ಲಿನ ಹುಡುಗ, "ಸಿ ಡ್ರೈವ್‌ನಲ್ಲಿ ಏನಾದ್ರೂ ಇದೆಯಾ ಮೇಡಂ?" ಅಂತ ಕೇಳಿದ್ದಾನೆ. ಅಕ್ಕ, "ಸಿ ಡ್ರೈವ್‌ನಲ್ಲಿ ಏನೂ ಇಲ್ಲಪ್ಪ, ಎಲ್ಲಾ ಡೆಸ್ಕ್‌ಟಾಪ್ ಮೇಲೇ ಇದೆ" ಅಂದಿದ್ದಾಳೆ. ಅವನು ಮೊದಲರ್ಧ ಕೇಳಿಸಿಕೊಂಡ, ಫಾರ್ಮ್ಯಾಟ್ ಹೊಡೆದ. ಮಗಳ ನಾಮಕರಣದಿಂದ ಹಿಡಿದು ಒಂಬತ್ತು ವರ್ಷದ ಫೋಟೋಗಳು. ಜೊತೆಗೆ, ತೀರಿಕೊಳ್ಳುವ ಹಿಂದಿನ ವರ್ಷ ಅಪ್ಪ ಮೊಮ್ಮಗಳಿಗೆ ಮಗ್ಗಿ ಹೇಳಿಕೊಡ್ತಿದ್ದ ಒಂದು ವಿಡಿಯೋ.

ಅಕ್ಕನ ತಪ್ಪು ಅಂತ ನಾನು ಹೇಳಲ್ಲ. ಡೆಸ್ಕ್‌ಟಾಪ್ ಅಂದ್ರೆ ಕಣ್ಣಿಗೆ ಕಾಣೋ ಪರದೆ, ಅದೊಂದು ಬೇರೆ ಜಾಗ ಅಂತಲೇ ಎಲ್ಲರೂ ಅಂದುಕೊಂಡಿರೋದು. ಅಸಲಿಗೆ ಅದು ಸಿ ಡ್ರೈವ್‌ನ ಒಳಗೆ 'ಯೂಸರ್ಸ್' ಅನ್ನೋ ಫೋಲ್ಡರ್‌ನಲ್ಲಿ, ನಿಮ್ಮ ಹೆಸರಿನ ಕೆಳಗಿರೋ ಒಂದು ಸಾಮಾನ್ಯ ಫೋಲ್ಡರ್. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಕೂಡ ಅಲ್ಲೇ. ವಿಂಡೋಸ್ ಕೂತಿರೋದೂ ಅದೇ ಸಿ ಡ್ರೈವ್‌ನಲ್ಲಿ. ಅದನ್ನು ಒರೆಸಿ ಹೊಸದಾಗಿ ಹಾಕುವಾಗ ನಿಮ್ಮ ಸಾಮಾನೂ ಜೊತೆಗೇ ಹೋಗುತ್ತೆ.

ಪಾರ್ಟಿಷನ್ ಬೇಕಾಗೋದು ಇಲ್ಲಿಗೆ. ಒಂದೇ ಡಿಸ್ಕಿನ ಮಧ್ಯೆ ಒಂದು ಗೋಡೆ. ಈ ಕಡೆ ಸಿ, ಅಲ್ಲಿ ವಿಂಡೋಸ್. ಆ ಕಡೆ ಡಿ, ಅಲ್ಲಿ ನಿಮ್ಮ ಫೈಲುಗಳು. (ಎ, ಬಿ ಎಲ್ಲಿ ಅಂತೀರಾ? ಅವು ಫ್ಲಾಪಿ ಡ್ರೈವ್‌ಗಳಿಗೆ ಮೀಸಲಾಗಿದ್ದ ಅಕ್ಷರಗಳು. ಫ್ಲಾಪಿ ಹೋಯ್ತು, ರಿಸರ್ವೇಷನ್ ಉಳೀತು.) ಈಗಿನ ಲ್ಯಾಪ್‌ಟಾಪ್‌ಗಳು ಬಹುತೇಕ ಸಿ ಒಂದನ್ನೇ ಇಟ್ಟುಕೊಂಡು ಬರ್ತವೆ. ಗೋಡೆ ನೀವೇ ಕಟ್ಟಬೇಕು, ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಡ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀರಿ. ಸಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಎಷ್ಟು ಜಾಗ ಬಿಡಿಸಬೇಕು ಅಂತ ಎಂಬಿಯಲ್ಲಿ ಕೇಳುತ್ತೆ. 200 ಜಿಬಿ ಬೇಕಾದ್ರೆ 204800 ಅಂತ ಹಾಕಿ. ಖಾಲಿಯಾದ ಜಾಗ ಕಪ್ಪು ಪಟ್ಟಿಯಾಗಿ ಕಾಣುತ್ತೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂ ಸಿಂಪಲ್ ವಾಲ್ಯೂಮ್ ಕೊಟ್ರೆ ಹೊಸ ಡ್ರೈವ್ ರೆಡಿ. ಆಮೇಲೆ ಡಿ ಒಳಗೆ ಒಂದು ಫೋಲ್ಡರ್ ಮಾಡಿ, ಡಾಕ್ಯುಮೆಂಟ್ಸ್‌ನ ಪ್ರಾಪರ್ಟೀಸ್‌ನಲ್ಲಿ ಲೊಕೇಷನ್ ಅಂತ ಇರುತ್ತಲ್ಲ, ಅಲ್ಲಿಂದ ಅದನ್ನು ಈ ಫೋಲ್ಡರ್‌ಗೆ ಸಾಗಿಸಿ. ಪಿಕ್ಚರ್ಸ್, ಡೆಸ್ಕ್‌ಟಾಪ್‌ಗೂ ಇದೇ ದಾರಿ, ಒಂದೊಂದಕ್ಕೂ ಬೇರೆ ಬೇರೆ ಫೋಲ್ಡರ್.

ಎರಡು ಮಾತು. ಅಲ್ಲಿ ಸಣ್ಣಸಣ್ಣ ಪಾರ್ಟಿಷನ್‌ಗಳು ಕಾಣ್ತವೆ, ಇಎಫ್‌ಐ, ರಿಕವರಿ ಅಂತ ಬರೆದಿರುತ್ತೆ. ಅವನ್ನು ಮುಟ್ಟಬೇಡಿ, ಲ್ಯಾಪ್‌ಟಾಪ್ ಶುರುವಾಗೋದೇ ನಿಂತು ಹೋದೀತು. ಇನ್ನು 512 ಜಿಬಿ ಅಂತ ಕೊಂಡದ್ದು 476 ಅಂತ ತೋರಿಸಿದ್ರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಹಾಗಾದ್ರೆ ಡಿ ಡ್ರೈವ್‌ನಲ್ಲಿಟ್ಟರೆ ಸೇಫಾ? ಹಾಗಂತ ನಂಬಿ ಕೆಟ್ಟವನು ನಾನೇ. ಇಂಜಿನಿಯರಿಂಗ್ ಕೊನೇ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಡಿ ಡ್ರೈವ್‌ನಲ್ಲಿ, ಅದರ ಬ್ಯಾಕಪ್ ಇ ಡ್ರೈವ್‌ನಲ್ಲಿ ಇಟ್ಟಿದ್ದೆ. ಹಾಸ್ಟೆಲ್ ಮಂಚದಿಂದ ಲ್ಯಾಪ್‌ಟಾಪ್ ಬಿತ್ತು. ಟಕ್ ಟಕ್ ಸದ್ದು. ಡಿ, ಇ ಎರಡೂ ಒಟ್ಟಿಗೇ ಹೋದವು, ಯಾಕಂದ್ರೆ ಎರಡೂ ಇದ್ದದ್ದು ಒಂದೇ ಡಿಸ್ಕಿನಲ್ಲಿ! ಮನೆಯೇ ಕುಸಿದ ಮೇಲೆ ಗೋಡೆ ಏನು ಮಾಡುತ್ತೆ? ವಿಂಡೋಸ್ ಕೆಟ್ಟರೆ ಪಾರ್ಟಿಷನ್ ಕಾಪಾಡುತ್ತೆ. ಡಿಸ್ಕ್ ಸತ್ತರೆ, ಲ್ಯಾಪ್‌ಟಾಪ್ ಕಳುವಾದರೆ ಇಲ್ಲ. ಅದಕ್ಕೆ ಹೊರಗಿನ ಹಾರ್ಡ್ ಡಿಸ್ಕ್ ಒಂದು ಬೇಕು, ತೀರಾ ಮುಖ್ಯವಾದದ್ದರ ಇನ್ನೊಂದು ಪ್ರತಿ ಕ್ಲೌಡ್‌ನಲ್ಲಿರಬೇಕು. ಗೂಗಲ್ 15 ಜಿಬಿ ಪುಕ್ಕಟೆ ಕೊಡುತ್ತೆ, ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ 5 ಜಿಬಿ. ಮತ್ತೆ, ಪಾರ್ಟಿಷನ್ ಮಾಡೋಕೆ ಕೈಹಾಕೋ ಮೊದಲೇ ಈ ಕಾಪಿ ತಗೊಂಡಿರಬೇಕು. ಮಧ್ಯದಲ್ಲಿ ಕರೆಂಟ್ ಹೋಗಿ, ಬ್ಯಾಟರಿಯೂ ಸತ್ತರೆ ಕಥೆ ಮುಗೀತು.

ಇನ್ನು ಗುಟ್ಟಿನ ವಿಷಯ. ಡಿಲೀಟ್ ಮಾಡಿದ್ರೆ ಫೈಲ್ ಹೋಗುತ್ತೆ ಅಂದುಕೊಂಡಿದ್ದೀರಾ? ಹಳೇ ಹಾರ್ಡ್ ಡಿಸ್ಕಿನಲ್ಲಿ ಹೋಗೋದು ಅದರ ವಿಳಾಸ ಮಾತ್ರ. ಆ ಜಾಗದ ಮೇಲೆ ಬೇರೇನಾದ್ರೂ ಬರೆಯೋವರೆಗೂ ಫೈಲ್ ಅಲ್ಲೇ ಇರುತ್ತೆ. 2008ರಲ್ಲಿ ಹಾಂಗ್‌ಕಾಂಗ್‌ನ ಒಬ್ಬ ನಟ ರಿಪೇರಿಗೆ ಕೊಟ್ಟ ಲ್ಯಾಪ್‌ಟಾಪ್‌ನಿಂದ ಖಾಸಗಿ ಫೋಟೋಗಳು ಹೊರಬಿದ್ದವು. ಮರುವರ್ಷ ಟೆಕ್ನಿಷಿಯನ್‌ಗೆ ಜೈಲಾಯ್ತು, ಆದರೆ ಫೋಟೋಗಳು ಅಷ್ಟರಲ್ಲಿ ಊರೆಲ್ಲಾ ಸುತ್ತಿದ್ದವು. ನಮ್ಮಲ್ಲೂ ಕಾನೂನಿದೆ. ಒಪ್ಪಿಗೆ ಇಲ್ಲದೆ ದುರುದ್ದೇಶದಿಂದ ಇನ್ನೊಬ್ಬರ ಡೇಟಾ ಕಾಪಿ ಮಾಡಿಕೊಂಡ್ರೆ ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸರಿ, ಆದ್ರೆ ಕಾಪಿ ಆಗಿದೆ ಅಂತ ನಿಮಗೆ ಗೊತ್ತಾಗೋದು ಹೇಗೆ?

ಅದಕ್ಕೇ ಬೀಗ ಹಾಕಿ. ವಿಂಡೋಸ್ ಪ್ರೊನಲ್ಲಿ ಬಿಟ್‌ಲಾಕರ್ ಇದೆ, ಡ್ರೈವ್ ಪೂರ್ತಿ ಗೂಢಲಿಪಿಯಾಗುತ್ತೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದ್ರೂ ಓದೋಕಾಗಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಇದು ನಿಮಗೆ ಗೊತ್ತಿಲ್ಲದೇ ಆನ್ ಆಗಿರುತ್ತೆ. ಅದರ ರಿಕವರಿ ಕೀ 48 ಅಂಕಿ. ಇವತ್ತೇ ಹುಡುಕಿ, ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಅದು ಕಳೆದರೆ ಕಳ್ಳನಿಗೂ ಸಿಗಲ್ಲ, ನಿಮಗೂ ಸಿಗಲ್ಲ.

ಅಕ್ಕನಿಗೆ ಅವತ್ತು ರಾತ್ರಿ ಒಂದೇ ಮಾತು ಹೇಳಿದೆ. "ಲ್ಯಾಪ್‌ಟಾಪ್ ಆಫ್ ಮಾಡು. ಮತ್ತೆ ಆನ್ ಮಾಡ್ಬೇಡ." ಎಸ್‌ಎಸ್‌ಡಿ ಆಗಿದ್ದಿದ್ರೆ ಆಸೆ ಬಿಡಬೇಕಿತ್ತು, ಅಳಿಸಿದ ಜಾಗವನ್ನು ಅದು ಸಾಮಾನ್ಯವಾಗಿ ತಾನೇ ಬೇಗ ಗುಡಿಸಿಬಿಡುತ್ತೆ. ಅವಳದ್ದು ಹಳೇ ಹಾರ್ಡ್ ಡಿಸ್ಕ್. ಭಾವ ಮರುದಿನ ಬೆಳಗಿನ ಬಸ್ಸಿಗೇ ಬೆಂಗಳೂರಿಗೆ ತಂದರು. ರಿಕವರಿಯವರು ಹತ್ತು ದಿನ ತಗೊಂಡ್ರು. ಮುಕ್ಕಾಲು ಪಾಲು ಫೋಟೋ ಬಂದಿವೆ, ಹೆಸರಿಲ್ಲ, ತಾರೀಖಿಲ್ಲ, ನಾಮಕರಣದ ಪಕ್ಕದಲ್ಲೇ ಸ್ಕೂಲ್ ಡೇ. ಅಪ್ಪನ ವಿಡಿಯೋ ಸಿಕ್ಕಿದೆ. ಏಳರ ಮಗ್ಗಿ, ಏಳ್ನಾಲ್ಕ್‌ಲಿ ಇಪ್ಪತ್ತೆಂಟರವರೆಗೆ ಓಡುತ್ತೆ, ಅಲ್ಲಿಗೆ ನಿಲ್ಲುತ್ತೆ. ಅಕ್ಕ ಅದನ್ನೇ ಮೂರು ಕಡೆ ಕಾಪಿ ಮಾಡಿಟ್ಟಿದ್ದಾಳೆ.